ತುಟಿ ನೋಡಿ ಮಾತು ಹಿಡಿದ ಕಲಾವಿದ
ಟಿ. ಎನ್. ಬಾಲಕೃಷ್ಣ ಅವರ ಬಾಳು ಮತ್ತು ಕಲೆ

ಚಲನಚಿತ್ರವನ್ನು ನೋಡಿ ಮನೆಗೆ ಮರಳುವಾಗ ನಾವು ನೆನೆಯುವುದು ನಾಯಕನನ್ನು, ಗುನುಗುವುದು ನಾಯಕಿಯ ಹಾಡನ್ನು. ಆದರೆ ಊಟಕ್ಕೆ ಕುಳಿತಾಗ ಮನೆಯವರೆಲ್ಲರೂ ಅನುಕರಣ ಮಾಡಿ ನಗುವುದು ಮಾತ್ರ ಬೇರೊಬ್ಬನ ಮಾತನ್ನು. ಅವನು ಜಿಪುಣ ಸಾಹುಕಾರನಿರಬಹುದು, ಮನೆ ಮುರಿಯುವ ನೆಂಟನಿರಬಹುದು, ಒಂದು ಕೈಯಲ್ಲಿ ಜಪಮಾಲೆ ಎಣಿಸುತ್ತ ಮತ್ತೊಂದರಲ್ಲಿ ಸಾಲಪತ್ರವನ್ನು ಮಡಿಸುವ ಧರ್ಮಾತ್ಮನಿರಬಹುದು. ಇಂತಹ ಪಾತ್ರಗಳನ್ನು ಅರ್ಧ ಶತಮಾನ ಕಾಲ ಕನ್ನಡಿಗರ ಕಣ್ಣಮುಂದೆ ಕುಣಿಸಿದವರು ಟಿ. ಎನ್. ಬಾಲಕೃಷ್ಣ. ಚಿತ್ರರಂಗಕ್ಕೂ ಪ್ರೇಕ್ಷಕರಿಗೂ ಅವರು ಬರಿಯ 'ಬಾಲಣ್ಣ'.

ಅವರ ಅಭಿನಯವನ್ನು ಕಂಡು ನಕ್ಕವರೂ, ಅವರ ಪಾತ್ರದ ಕುಟಿಲತೆಯನ್ನು ಕಂಡು ಶಪಿಸಿದವರೂ ಲಕ್ಷಾಂತರ. ಆದರೆ ತೆರೆಯ ಮೇಲೆ ಅಷ್ಟು ಚುರುಕಾಗಿ ಮಾತಿಗೆ ಮಾತು ಜೋಡಿಸುತ್ತಿದ್ದ ಆ ನಟನಿಗೆ ಎದುರಿನವರ ಮಾತು ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲವೆಂಬ ಸಂಗತಿ ಅವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತು?

ಪೋಷಕ ನಟನೆಂದರೆ ಯಾರು?

'ಪೋಷಕ' ಎಂಬ ಮಾತನ್ನು ನಾವು ಸಲೀಸಾಗಿ ಬಳಸುತ್ತೇವೆ. ಅದರ ಅರ್ಥವನ್ನು ಮಾತ್ರ ಯೋಚಿಸುವುದಿಲ್ಲ. ಪೋಷಿಸುವವನು ಪೋಷಕ. ನಾಯಕನ ಸದ್ಗುಣವು ಬೆಳಗಬೇಕಾದರೆ ಅದಕ್ಕೆ ಎದುರಾಗಿ ನೆರಳೊಂದು ಬೇಕು. ಆ ನೆರಳನ್ನು ಒದಗಿಸುವವನೇ ಈತ. ಚಿತ್ರ ಗೆದ್ದರೆ ಜಯಮಾಲೆ ನಾಯಕನ ಕೊರಳಿಗೆ. ಸೋತರೆ ನಷ್ಟದಲ್ಲಿ ಪೋಷಕ ನಟನಿಗೂ ಪಾಲು, ಏಕೆಂದರೆ ಮುಂದಿನ ಕರೆ ಬರುವುದು ಅನುಮಾನ.

ಚಿತ್ರೋದ್ಯಮವು ಅತ್ಯಂತ ಶ್ರೀಮಂತವಾಗಿ ಬೆಳೆದ ಅಮೆರಿಕದಲ್ಲಿಯೂ ಈ ವರ್ಗದ ಕಲಾವಿದರಿಗೆ ಮನ್ನಣೆ ತಡವಾಗಿಯೇ ಬಂದಿತು. ಆಸ್ಕರ್ ಪ್ರಶಸ್ತಿಗಳಲ್ಲಿ ಪೋಷಕ ನಟರಿಗೆ ಪ್ರತ್ಯೇಕ ಸ್ಥಾನ ದೊರೆತದ್ದು 1936ರ ಚಿತ್ರಗಳಿಂದ ಮೊದಲ್ಗೊಂಡು. ಆ ಮೊದಲ ಪ್ರಶಸ್ತಿಯನ್ನು ಪಡೆದ ವಾಲ್ಟರ್ ಬ್ರೆನ್ನನ್ ಅವರು 1938 ಮತ್ತು 1940ರ ಚಿತ್ರಗಳಿಗಾಗಿ ಮತ್ತೆರಡು ಬಾರಿ ಅದನ್ನೇ ಗೆದ್ದರು. ಹಲ್ಲುದುರಿದ ಮುದುಕ, ಹಟಮಾರಿ ಹಳ್ಳಿಗ, ವಕ್ರ ನ್ಯಾಯಾಧೀಶ, ಇಂತಹ ಪಾತ್ರಗಳಿಂದಲೇ ಅವರು ಬದುಕನ್ನು ಕಟ್ಟಿಕೊಂಡರು. ನಮ್ಮ ಬಾಲಣ್ಣನವರದೂ ಅದೇ ಜಾತಿಯ ಪ್ರತಿಭೆ. ವ್ಯತ್ಯಾಸವೆಂದರೆ, ಬ್ರೆನ್ನನ್ ಅವರ ಬೆನ್ನಿಗೆ ಹಾಲಿವುಡ್ಡಿನ ಭಾರಿ ಸ್ಟುಡಿಯೋಗಳಿದ್ದವು; ಬಾಲಣ್ಣನವರ ಕಾಲದ ಕನ್ನಡ ಚಿತ್ರಕ್ಕೆ ತಲೆಯ ಮೇಲೊಂದು ಸೂರೂ ಸರಿಯಾಗಿ ಇರಲಿಲ್ಲ.

ಅರಸೀಕೆರೆಯ ಬಡ ಬಾಲಕ

ಬಾಲಕೃಷ್ಣ ಅವರು ಹುಟ್ಟಿದ್ದು 1910ರ ದಶಕದ ಮೊದಲ ವರ್ಷಗಳಲ್ಲಿ, ಅರಸೀಕೆರೆಯ ಬಡ ಕುಟುಂಬವೊಂದರಲ್ಲಿ. ಆ ಬಡತನದ ಆಳವನ್ನು ತಿಳಿಸಲು ಅವರ ಬಾಳನ್ನು ಬಲ್ಲವರು ಹೇಳಿಕೊಂಡು ಬಂದಿರುವ ಸಂಗತಿಯೊಂದುಂಟು. ಕಾಯಿಲೆ ಬಿದ್ದ ಗಂಡನ ಔಷಧಕ್ಕೆ ಹಣವಿಲ್ಲದ ತಾಯಿ, ಹಸುಗೂಸಾದ ಮಗನನ್ನು ಎಂಟು ರೂಪಾಯಿಗೆ ಬೇರೆ ದಂಪತಿಗಳ ಮಡಿಲಿಗೆ ಹಾಕಿದಳಂತೆ. ಮಾರಿದಳೆನ್ನಲು ನಾಲಗೆ ಬಾರದು. ಕೊಟ್ಟಳೆನ್ನೋಣವೆಂದರೆ ಕೈಯಲ್ಲಿ ಹಣವಿದೆ. ಗಂಡನ ಪ್ರಾಣ ಒಂದು ತಕ್ಕಡಿಯಲ್ಲಿ, ಕರುಳ ಕುಡಿ ಮತ್ತೊಂದು ತಕ್ಕಡಿಯಲ್ಲಿ. ಆ ತಾಯಿ ತೂಗಿದ ತೂಕವನ್ನು ಹೊಟ್ಟೆ ತುಂಬಿದ ನಾವು ಹೇಗೆ ಅಳೆಯಬಲ್ಲೆವು?

ಸಾಕಿದವರ ಮನೆಯಲ್ಲಿ ಬೆಳೆದ ಹುಡುಗನಿಗೆ ಶಾಲೆಯ ವಿದ್ಯೆ ಹೆಚ್ಚಾಗಿ ಒಲಿಯಲಿಲ್ಲ. ಅದರ ಮೇಲೆ ಕಿವಿಯ ಮಂದತೆ. ಕಿವಿ ಕೇಳದವನನ್ನು ನೋಡಿ ಮರುಗುವುದಕ್ಕಿಂತ ನಗುವುದೇ ಲೋಕದ ರೂಢಿ. ಕುರುಡನಿಗೆ ದಾರಿ ಬಿಡುವ ಜನ, ಕಿವುಡನನ್ನು ಕಂಡರೆ ಗೇಲಿ ಮಾಡುತ್ತಾರೆ. ಆ ಗೇಲಿಗೆ ಗುರಿಯಾದ ಹುಡುಗನು ಮುಂದೆ ಆ ನಗೆಯನ್ನೇ ತನ್ನ ಕಸುಬಿನ ಬಂಡವಾಳ ಮಾಡಿಕೊಂಡದ್ದು ಒಂದು ಸೋಜಿಗ. ತನ್ನ ಮೇಲೆ ಬೀಳುತ್ತಿದ್ದ ನಗೆ ತನಗಾಗಿ ಏಳುವಂತೆ ತಿರುಗಿಸಿಕೊಳ್ಳುವುದು ಸಾಮಾನ್ಯ ಸಾಧನೆಯಲ್ಲ.

ಕಂಪನಿಯೆಂಬ ವಿಶ್ವವಿದ್ಯಾಲಯ

ಆ ಕಾಲದಲ್ಲಿ ಗತಿಯಿಲ್ಲದ, ಆದರೆ ಗುಣವಿದ್ದ ಹುಡುಗರಿಗೆ ತೆರೆದ ಬಾಗಿಲೆಂದರೆ ನಾಟಕ ಕಂಪನಿ. ಎರಡು ಹೊತ್ತಿನ ಊಟ, ಮಲಗಲು ಜಾಗ, ಜೊತೆಗೆ ಕಲೆ. 1884ರಲ್ಲಿ ಆರಂಭವಾಗಿ ವೀರಣ್ಣನವರ ಕೈಯಲ್ಲಿ ಸಾಮ್ರಾಜ್ಯದಂತೆ ಬೆಳೆದ ಗುಬ್ಬಿ ಕಂಪನಿಯೇ ಮೊದಲಾದ ಮಂಡಲಿಗಳಲ್ಲಿ ಪಳಗಿದವರೇ ಮುಂದೆ ಕನ್ನಡ ಚಿತ್ರರಂಗದ ಅಡಿಗಲ್ಲಾದರು. ಬಾಲಕೃಷ್ಣ ಅವರೂ ಈ ಅಲೆಮಾರಿ ಪಾಠಶಾಲೆಯ ವಿದ್ಯಾರ್ಥಿಯೇ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ವಿದ್ಯಾವಂತ ಕುಟುಂಬಗಳಲ್ಲಿ ಅಂದು ನಾಟಕವೆಂದರೆ ಎರಡು ಬಗೆ. ವಿಲಾಸಿಗಳದೊಂದು, ವೃತ್ತಿಯವರದು ಮತ್ತೊಂದು. ಕೈಲಾಸಂ ಅವರ ಪ್ರಹಸನಗಳನ್ನು ಆಡುತ್ತಿದ್ದ ವಿಲಾಸಿ ನಟರು ಹಗಲು ಕಚೇರಿಯಲ್ಲಿ ಕೆಲಸ ಮಾಡಿ ಸಂಜೆ ಬಣ್ಣ ಹಚ್ಚುವವರು. ಅವರಿಗೆ ಸಮಾಜದಲ್ಲಿ ಗೌರವವಿತ್ತು. ಕಂಪನಿಯ ನಟನಾದರೋ ಬಣ್ಣವನ್ನೇ ಅನ್ನವಾಗಿ ನಂಬಿದವನು. ಅವನ ನಾಟಕವನ್ನು ನೋಡಲು ಟಿಕೀಟು ಕೊಳ್ಳುತ್ತಿದ್ದ ಮನೆಯವರೇ ಅವನಿಗೆ ಮನೆ ಬಾಡಿಗೆಗೆ ಕೊಡಲು, ಹೆಣ್ಣು ಕೊಡಲು ಹಿಂದುಮುಂದು ನೋಡುತ್ತಿದ್ದರು.

ಕಂಪನಿಯ ರಂಗದ ಮೇಲೆ ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಮಾತು ಕೊನೆಯ ಸಾಲಿನ ಮಣ್ಣುನೆಲದವನಿಗೂ ಮುಟ್ಟಬೇಕು. ಎದುರು ಪಾತ್ರಧಾರಿಯ ಮಾತಿನ ಕೊನೆಯ ಪದವೇ ನಮ್ಮ ಮಾತಿಗೆ ಸೂಚನೆ. ಅದು ಕಿವಿಗೆ ಬಿದ್ದೊಡನೆ ಬಾಯಿ ತೆರೆಯಬೇಕು. ಅರೆ ಗಳಿಗೆ ತಡವಾದರೂ ದೃಶ್ಯ ಕುಸಿಯುತ್ತದೆ. ಕಿವಿಯೇ ಇಲ್ಲದವನಿಗೆ ಈ ಸೂಚನೆ ದೊರೆಯುವುದೆಂತು?

ಕಣ್ಣೇ ಕಿವಿಯಾದ ಬಗೆ

ಎದುರಿನವರ ತುಟಿಗಳ ಚಲನೆಯನ್ನು ನೋಡಿ ಮಾತನ್ನು ಗ್ರಹಿಸುವ ವಿದ್ಯೆಯನ್ನು ಬಾಲಕೃಷ್ಣ ಅವರು ಸಾಧಿಸಿಕೊಂಡರು. ಹೀಗೆ ಹೇಳಿಬಿಡುವುದು ಸುಲಭ. ಅದರ ಕಷ್ಟ ಎಷ್ಟೆಂಬುದನ್ನು ವಾಚಕರು ತಮ್ಮ ಮನೆಯ ಕನ್ನಡಿಯ ಮುಂದೆ ನಿಂತು ಪರೀಕ್ಷಿಸಬಹುದು. 'ಪಟ್ಟೆ', 'ಬಟ್ಟೆ', 'ಮಟ್ಟೆ' ಎಂಬ ಮೂರು ಮಾತುಗಳನ್ನು ದನಿಯಿಲ್ಲದೆ ಬರಿಯ ತುಟಿಯಾಡಿಸಿ ಹೇಳಿ ನೋಡಿರಿ. ಮೂರಕ್ಕೂ ತುಟಿಯ ಆಟ ಒಂದೇ! ಪಕಾರ, ಬಕಾರ, ಮಕಾರಗಳೆಲ್ಲ ತುಟಿಯಲ್ಲಿಯೇ ಹುಟ್ಟುವುದರಿಂದ ಕಣ್ಣಿಗೆ ಅವುಗಳಲ್ಲಿ ಭೇದವಿಲ್ಲ. ಕಕಾರ, ಗಕಾರ, ಹಕಾರಗಳು ಬಾಯಿಯ ಹಿಂಬದಿಯಲ್ಲಿಯೂ ಗಂಟಲಿನಲ್ಲಿಯೂ ಹುಟ್ಟುವುದರಿಂದ ಕಣ್ಣಿಗೆ ಕಾಣುವುದೇ ಇಲ್ಲ. ಆದುದರಿಂದ ತುಟಿಯನ್ನು ಓದುವವನು ಅಕ್ಷರಗಳನ್ನು ಓದಲಾರ, ಸಂದರ್ಭವನ್ನು ಓದಬೇಕು. ಮುಂದೆ ಬರುವ ಮಾತು ಇಂತಹುದೇ ಎಂದು ಮೊದಲೇ ತಿಳಿದಿರಬೇಕು.

ಎಂದರೆ, ಬೇರೆ ನಟರು ತಮ್ಮ ಮಾತನ್ನು ಮಾತ್ರ ಬಾಯಿಪಾಠ ಮಾಡಿದರೆ ಸಾಕಾಗುವಲ್ಲಿ, ಇಂತಹ ನಟನು ಎದುರಿನವರೆಲ್ಲರ ಮಾತನ್ನೂ ಕಲಿತಿರಬೇಕು. ಮಾತನಾಡುವವರ ಮುಖದಿಂದ ಕಣ್ಣನ್ನು ಕೀಳುವಂತಿಲ್ಲ. ಅವರು ಬೆನ್ನು ತಿರುಗಿಸಿದರೆ ಓದುತ್ತಿದ್ದ ಪುಸ್ತಕವನ್ನು ಯಾರೋ ಮುಚ್ಚಿದಂತೆ.

ಇಲ್ಲಿಯೇ ಬಾಲಣ್ಣನವರ ಅಭಿನಯದ ಗುಟ್ಟೂ ಅಡಗಿದೆ. ಅಭಿನಯದಲ್ಲಿ ಮಾತನಾಡುವುದಕ್ಕಿಂತ ಕಷ್ಟವಾದುದು ಕೇಳುವುದು. ಎಷ್ಟೋ ನಟರು ಎದುರಿನವನ ಮಾತು ಮುಗಿಯುವವರೆಗೆ ಬೊಂಬೆಯಂತೆ ನಿಂತು, ತಮ್ಮ ಸರದಿ ಬಂದಾಗ ಜೀವ ತಳೆಯುತ್ತಾರೆ. ಬಾಲಕೃಷ್ಣ ಅವರ ಕಣ್ಣುಗಳಾದರೋ ಎದುರಿನವರ ಮುಖದ ಮೇಲೆ ನೆಟ್ಟಿರುತ್ತಿದ್ದವು. ಹುಬ್ಬು ಏರುತ್ತದೆ, ಕತ್ತು ಕೊಂಚ ಓರೆಯಾಗುತ್ತದೆ, ಮಾತಿನ ಅರ್ಥ ಹೊಳೆದೊಡನೆ ಮುಖದಲ್ಲಿ ಕಪಟವೋ ಕಳವಳವೋ ಮೂಡುತ್ತದೆ. ಹೀಗಾಗಿ ಕಿವಿ ಕೇಳದ ಆ ಮನುಷ್ಯನೇ ತೆರೆಯ ಮೇಲೆ ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ಕೇಳುವವನಂತೆ ಕಂಡನು.

ಬೆಳ್ಳಿತೆರೆಗೆ ಪ್ರವೇಶ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಹಣ ಹೂಡಿದವರು ಬೆಂಗಳೂರಿನಲ್ಲಿ ನೆಲೆಸಿದ್ದ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿ. ಆದರೆ ಅದನ್ನು ಚಿತ್ರೀಕರಿಸಿದ್ದು ದೂರದ ಕೊಲ್ಹಾಪುರದಲ್ಲಿ! ಚಾಮರಾಜಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿ ಮಾತನಾಡಲಾರಂಭಿಸಿದ ಕನ್ನಡ ಚಿತ್ರವು ಹುಟ್ಟಿದ್ದು ಪರ ಊರಿನಲ್ಲಿ. ಈ ಪರಾಶ್ರಯವೇ ಮುಂದೆ ಬಹುಕಾಲ ಕನ್ನಡ ಚಿತ್ರದ ಹಣೆಬರಹವಾಯಿತು.

ಬಾಲಕೃಷ್ಣ ಅವರು ಚಿತ್ರರಂಗಕ್ಕೆ ಕಾಲಿಟ್ಟದ್ದು 1943ರ 'ರಾಧಾರಮಣ' ಚಿತ್ರದಿಂದ. ಮುಂದೆ ನಿರ್ದೇಶಕರಾಗಿ ಕೀರ್ತಿ ಪಡೆದ ಜಿ. ವಿ. ಅಯ್ಯರ್ ಅವರೂ ಅದೇ ಚಿತ್ರದಿಂದಲೇ ತೆರೆಗೆ ಬಂದರು. ಆಗ ಎರಡನೆಯ ಮಹಾಯುದ್ಧದ ಕಾಲ. ಕಚ್ಚಾ ಫಿಲ್ಮು ದುರ್ಲಭ. ಚಿತ್ರದ ಉದ್ದಕ್ಕೂ ಸರಕಾರದ ಮಿತಿ. ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟೂ ಬರುತ್ತಿರಲಿಲ್ಲ. ಚಿತ್ರವಿಲ್ಲದಾಗ ನಾಟಕ, ನಾಟಕವಿಲ್ಲದಾಗ ಉಪವಾಸ. ಇದು ಅಂದಿನ ಕಲಾವಿದರ ಪಂಚಾಂಗ.

1954ರಲ್ಲಿ 'ಬೇಡರ ಕಣ್ಣಪ್ಪ' ಬಂದು ರಾಜಕುಮಾರ್ ಹಾಗೂ ನರಸಿಂಹರಾಜು ಮನೆಮಾತಾದರು. ಕನ್ನಡ ಚಿತ್ರಕ್ಕೆ ಒಂದು ಮಾರುಕಟ್ಟೆಯುಂಟೆಂಬುದು ಸಿದ್ಧವಾಯಿತು. ಆದರೂ ಸ್ಟುಡಿಯೋಗಳಿದ್ದುದು ಮುಖ್ಯವಾಗಿ ಮದರಾಸಿನಲ್ಲಿ. ಮೈಸೂರಿನ ನವಜ್ಯೋತಿ, ಪ್ರೀಮಿಯರ್ ಸ್ಟುಡಿಯೋಗಳನ್ನು ಬಿಟ್ಟರೆ ಕನ್ನಡ ನಾಡಿನೊಳಗೆ ಆಸರೆ ಕಡಿಮೆ. ತಮಿಳು, ತೆಲುಗು ಚಿತ್ರಗಳಿಗೆ ಹೊಂದಿಸಿ ಉಳಿದ ದಿನಗಳಲ್ಲಿ ಕನ್ನಡಕ್ಕೆ ಜಾಗ. ಕನ್ನಡ ಕಲಾವಿದನು ಮದರಾಸಿನಲ್ಲಿ ಬಾಡಿಗೆ ಕೋಣೆಯ ಅತಿಥಿ.

ನಾಲ್ವರ ಸಾಹಸ

ಚಿತ್ರಗಳು ಕಡಿಮೆಯಾಗಿ ಕಲಾವಿದರ ಹೊಟ್ಟೆಪಾಡೇ ಕಷ್ಟವಾದ ಕಾಲದಲ್ಲಿ ನಾಲ್ವರು ಗೆಳೆಯರು ಒಂದಾದರು. ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಮತ್ತು ಬಾಲಕೃಷ್ಣ. ಕನ್ನಡ ಚಲನಚಿತ್ರ ಕಲಾವಿದರ ಸಂಘ ಹುಟ್ಟಿತು. ಸಂಘದವರು ಊರೂರು ಸುತ್ತಿ ನಾಟಕವಾಡಿದರು. ತೆರೆಯ ಮೇಲೆ ಕಂಡವರನ್ನು ಕಣ್ಣಾರೆ ಕಾಣಲು ಜನ ಕಿಕ್ಕಿರಿದರು. ಹೀಗೆ ಕೂಡಿದ ದುಡಿಮೆಯ ಬಲದಿಂದ 1960ರಲ್ಲಿ ಹೊರಬಂದದ್ದು 'ರಣಧೀರ ಕಂಠೀರವ'. ಹದಿನೇಳನೆಯ ಶತಮಾನದಲ್ಲಿ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರ ಕಥೆಯದು. ಎನ್. ಸಿ. ರಾಜನ್ ಅದರ ನಿರ್ದೇಶಕರು.

ಸಿರಿವಂತರು ಹಣ ಹೂಡಿ ಚಿತ್ರ ತೆಗೆಯುವುದು ಲೋಕದಲ್ಲಿ ಸಾಮಾನ್ಯ. ಕೂಲಿಯ ನಟರು ತಮ್ಮ ಬೆವರನ್ನೇ ಮೂಲಧನವಾಗಿ ಹೂಡಿ ತಮ್ಮ ಭಾಷೆಯ ಚಿತ್ರವನ್ನು ಉಳಿಸಿಕೊಂಡದ್ದು ಮಾತ್ರ ಅಪೂರ್ವ. ಆ ಸಾಹಸದಲ್ಲಿ ನಾಯಕನಿಗೆ ಸಮಾನವಾಗಿ ನಿಂತವರಲ್ಲಿ ಈ 'ಕೇಡಿಗ'ನೂ ಒಬ್ಬನೆಂಬುದನ್ನು ಮರೆಯಲಾಗದು.

ಕೆಡುಕಿನಲ್ಲಿಯೂ ಒಂದು ಸೊಗಸು

ಅಂದಿನಿಂದ ಮುಂದಿನ ಮೂರು ದಶಕಗಳಲ್ಲಿ ಬಾಲಕೃಷ್ಣ ಅವರಿಲ್ಲದ ಕನ್ನಡ ಚಿತ್ರವನ್ನು ಹುಡುಕುವುದೇ ಕಷ್ಟವಾಯಿತು. ಅವರು ನಟಿಸಿದ ಚಿತ್ರಗಳ ಸಂಖ್ಯೆ 500ಕ್ಕೂ ಮೀರಿದೆ. ಪುರಾಣ, ಇತಿಹಾಸ, ಸಂಸಾರ, ಪತ್ತೇದಾರಿ, ಯಾವುದಾದರೂ ಸರಿಯೆ, ಅವರಿಗೊಂದು ಪಾತ್ರ ಸಿದ್ಧ.

ಅವರ ಖಳನ ಬಗೆಯೇ ಬೇರೆ. ಮೀಸೆ ತಿರುವಿ, ಕಣ್ಣು ಕೆಂಪಾಗಿಸಿ ಅಬ್ಬರಿಸುವ ಖಳನಿಗೆ ಪ್ರೇಕ್ಷಕ ಹೆದರುತ್ತಾನೆ. ಆದರೆ ಮನೆಗೆ ಬಂದ ಮೇಲೆ ಮರೆಯುತ್ತಾನೆ, ಏಕೆಂದರೆ ಅಂತಹವನು ಅವನ ಬೀದಿಯಲ್ಲಿಲ್ಲ. ಬಾಲಣ್ಣನವರ ಖಳನಾದರೋ ಬೆಣ್ಣೆಯಂತಹ ಮಾತಿನವನು. ಅಣ್ಣತಮ್ಮಂದಿರನ್ನು ಒಡೆಯುವಾಗಲೂ "ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ" ಎನ್ನುವ ಧಾಟಿ. ಇಂತಹವನು ಎಲ್ಲರ ಬೀದಿಯಲ್ಲಿಯೂ ಒಬ್ಬನಿದ್ದಾನೆ. ಕೆಲವರ ಮನೆಯಲ್ಲಿಯೂ ಇದ್ದಾನೆ! ಆದುದರಿಂದಲೇ ಹೆಂಗಸರ ಸಾಲಿನಿಂದ ಅವರ ಪಾತ್ರಗಳಿಗೆ ಅಷ್ಟು ಮನಃಪೂರ್ವಕವಾದ ಶಾಪ ದೊರೆಯುತ್ತಿತ್ತು. ರಾಗವೆಳೆದು ಆಡುವ ಮಾತು, ಅರೆತೆರೆದ ಕಣ್ಣು, ಕೈ ಹೊಸಕಿಕೊಳ್ಳುವ ವಿನಯ, ಇವುಗಳಿಂದ ಅವರು ಕೆಡುಕನ್ನು ನಗೆಯೊಳಗೆ ಮಡಿಸಿ ಕೊಡುತ್ತಿದ್ದರು.

ಒಳ್ಳೆಯತನವೂ ಅವರ ಮುಖಕ್ಕೆ ಒಪ್ಪುತ್ತಿತ್ತೆಂಬುದಕ್ಕೆ 1972ರ 'ಬಂಗಾರದ ಮನುಷ್ಯ' ಸಾಕ್ಷಿ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ ಆ ಚಿತ್ರವು ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದರಲ್ಲಿ ಬಾಲಣ್ಣನವರದು ಹಳ್ಳಿಯ ರಾಚೂಟಪ್ಪ. ಬಾಯಿ ವಕ್ರವಾದರೂ ಹೃದಯ ನೆಟ್ಟಗಿರುವ, ನಾಯಕನ ಹಿತವನ್ನು ಬಯಸುವ ಮನುಷ್ಯ. ಇಪ್ಪತ್ತು ವರ್ಷ ಶಪಿಸಿದ ಜನ ಆ ರಾಚೂಟಪ್ಪನನ್ನು ಸ್ವಂತ ನೆಂಟನಂತೆ ಹಚ್ಚಿಕೊಂಡರು.

ಅಭಿಮಾನದ ಇಟ್ಟಿಗೆಗಳು

ಮದರಾಸಿನ ಬಾಡಿಗೆ ಬಾಳು ಬಾಲಕೃಷ್ಣ ಅವರ ಮನಸ್ಸನ್ನು ಚುಚ್ಚುತ್ತಲೇ ಇತ್ತು. 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಕನ್ನಡದ ಎಚ್ಚರ ಮೂಡಿತ್ತು. ಅ. ನ. ಕೃಷ್ಣರಾಯರೇ ಮೊದಲಾದವರು ಕನ್ನಡ ನಾಡಿನಲ್ಲಿ ಕನ್ನಡಕ್ಕೇ ಮೊದಲ ಮಣೆ ಸಲ್ಲಬೇಕೆಂದು ದನಿಯೆತ್ತಿದ್ದರು. ಅಂದಿನ ಮೈಸೂರು ಸರಕಾರವು ರಾಜ್ಯದೊಳಗೆ ತಯಾರಾದ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡಲಾರಂಭಿಸಿತು. 1966ರಲ್ಲಿ ಕಂಠೀರವ ಸ್ಟುಡಿಯೋ ತಲೆಯೆತ್ತಿತು. ಇದೇ ಹುಮ್ಮಸ್ಸಿನಲ್ಲಿ, ಆ ದಶಕದ ಕೊನೆಯಲ್ಲಿ, ಬಾಲಕೃಷ್ಣ ಅವರು ತಾವೇ ಒಂದು ಸ್ಟುಡಿಯೋ ಕಟ್ಟಲು ಹೊರಟರು. ಮೈಸೂರು ರಸ್ತೆಯ ಕೆಂಗೇರಿಯ ಬಳಿ ಸರಕಾರದಿಂದ 20 ಎಕರೆ ಜಮೀನು ದೊರೆಯಿತು. ಹೆಸರು 'ಅಭಿಮಾನ್'.

ಸ್ಟುಡಿಯೋ ಎಂದರೆ ನಾಲ್ಕು ಗೋಡೆಗಳಲ್ಲ. ಎತ್ತರದ ಅಂಕಣ, ನೂರಾರು ದೀಪಗಳು, ವಿದ್ಯುತ್ತು, ಕ್ಯಾಮೆರಾ, ಬಡಗಿಗಳು, ಬಣ್ಣಗಾರರು, ಎಲ್ಲವೂ ಬೇಕು. ಚಿತ್ರೀಕರಣವಿರಲಿ ಇಲ್ಲದಿರಲಿ ಸಂಬಳ ನಿಲ್ಲದು, ಸಾಲದ ಬಡ್ಡಿ ಮಲಗದು. ಪೋಷಕ ನಟನ ಸಂಭಾವನೆಯಿಂದ ಇದನ್ನು ನಡೆಸುವುದೆಂದರೆ ಬೊಗಸೆಯಿಂದ ಕೆರೆ ತುಂಬಿಸಿದಂತೆ.

ಕಾಲವೂ ಅವರಿಗೆ ಎದುರಾಯಿತು. ಅಂಕಣಗಳು ಏಳುವ ಹೊತ್ತಿಗೆ ನಿರ್ದೇಶಕರು ಅಂಕಣವನ್ನು ಬಿಟ್ಟು ಬಯಲಿಗೆ ಹೊರಟಿದ್ದರು. 1970ರ 'ಸಂಸ್ಕಾರ' ಶೃಂಗೇರಿಯ ಸಮೀಪದ ಹಳ್ಳಿಯಲ್ಲಿ ತಯಾರಾಯಿತು. 1972ರ 'ನಾಗರಹಾವು' ಚಿತ್ರದುರ್ಗದ ಕೋಟೆಯನ್ನೇ ಪಾತ್ರವಾಗಿಸಿಕೊಂಡಿತು. ಬಣ್ಣದ ಚಿತ್ರಗಳು ಹೆಚ್ಚಿದಂತೆ ಪ್ರೇಕ್ಷಕನಿಗೆ ರಟ್ಟಿನ ಬೆಟ್ಟಕ್ಕಿಂತ ನಿಜವಾದ ಬೆಟ್ಟವೇ ರುಚಿಸಿತು. ಕನ್ನಡಕ್ಕೆ ಸ್ಟುಡಿಯೋ ಬೇಕೆಂಬ ಕನಸು ನಿಜವಾಗುವಷ್ಟರಲ್ಲಿ ಸ್ಟುಡಿಯೋದ ಅಗತ್ಯವೇ ಕ್ಷೀಣಿಸತೊಡಗಿತ್ತು. ಸಾಲವು ಬಾಲಣ್ಣನವರ ಬಾಳಿನ ಕೊನೆಯವರೆಗೂ ಬೆನ್ನು ಬಿಡಲಿಲ್ಲ. ದಣಿದ ವಯಸ್ಸಿನಲ್ಲಿಯೂ ಅವರು ಬಣ್ಣ ಹಚ್ಚುತ್ತಲೇ ಇದ್ದರು.

ನಾಲ್ಕು ದಾರಿಗಳು

'ರಣಧೀರ ಕಂಠೀರವ'ದ ನಾಲ್ವರ ಮುಂದಿನ ಬಾಳನ್ನು ನೋಡಿದರೆ ವಿಧಿಯ ವೈಚಿತ್ರ್ಯ ಮನಸ್ಸಿಗೆ ತಟ್ಟುತ್ತದೆ. ನಾಡನ್ನು ನಗಿಸಿದ ನರಸಿಂಹರಾಜು 1979ರಲ್ಲಿ, ಇನ್ನೂ ಅರುವತ್ತು ತುಂಬುವ ಮುನ್ನವೇ ತೀರಿಕೊಂಡರು. ಅಯ್ಯರ್ ಅವರು 'ಹಂಸಗೀತೆ'ಯಿಂದ ಹೊಸ ಹಾದಿ ಹಿಡಿದು, ಸಂಸ್ಕೃತದ ಮೊದಲ ಚಲನಚಿತ್ರವಾದ 1983ರ 'ಆದಿ ಶಂಕರಾಚಾರ್ಯ'ವನ್ನು ನಿರ್ದೇಶಿಸಿ ದೇಶದ ಮನ್ನಣೆ ಪಡೆದರು, 2003ರಲ್ಲಿ ಗತಿಸಿದರು. ರಾಜಕುಮಾರ್ ಅವರು ಕನ್ನಡದ ಕಣ್ಮಣಿಯಾಗಿ 1995ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ಅದೇ 1995ರ ಜುಲೈ 19ರಂದು ಬಾಲಕೃಷ್ಣ ಅವರು ಕಣ್ಮುಚ್ಚಿದರು. ಒಬ್ಬರಿಗೆ ಕಿರೀಟ, ಒಬ್ಬರಿಗೆ ಕಾಷಾಯ, ಒಬ್ಬರಿಗೆ ಅಲ್ಪಾಯುಷ್ಯ, ಒಬ್ಬರಿಗೆ ಸಾಲ. ಆದರೆ ನಾಲ್ವರೂ ಹೂಡಿದ್ದು ಒಂದೇ ಬಂಡವಾಳ.

ಬೆಂಗಳೂರಿನ ಎರಡು ಸ್ಟುಡಿಯೋಗಳು ಮುಂದೆ ಎರಡು ಸಮಾಧಿಭೂಮಿಗಳಾಗಿ ಜನರ ನೆನಪಿನಲ್ಲಿ ಉಳಿದದ್ದು ಮತ್ತೊಂದು ವಿಚಿತ್ರ. 2006ರ ಏಪ್ರಿಲಿನಲ್ಲಿ ರಾಜಕುಮಾರ್ ಅವರಿಗೆ ಕಂಠೀರವ ಸ್ಟುಡಿಯೋದ ನೆಲವು ಚಿರನಿದ್ರೆಗೆ ಎಡೆಗೊಟ್ಟಿತು. 2009ರ ಡಿಸೆಂಬರ್ 30ರಂದು ನಿಧನರಾದ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರವು ಅಭಿಮಾನ್ ಸ್ಟುಡಿಯೋದಲ್ಲಿ ನಡೆಯಿತು. ಅಲ್ಲಿನ ಜಾಗದ ವ್ಯಾಜ್ಯ ಬಹುಕಾಲ ಬಗೆಹರಿಯಲಿಲ್ಲ. ಸರಕಾರವು ವಿಷ್ಣುವರ್ಧನ್ ಅವರ ಸ್ಮಾರಕವನ್ನು ಮೈಸೂರಿನ ಬಳಿ ಕಟ್ಟಿಸಿ 2023ರ ಜನವರಿಯಲ್ಲಿ ತೆರೆಯಿತು. ಅಭಿಮಾನ್ ನೆಲದಲ್ಲಿದ್ದ ಸಮಾಧಿಯನ್ನು 2025ರ ಆಗಸ್ಟಿನಲ್ಲಿ ಕೆಡವಲಾಯಿತು. ಈ ಗದ್ದಲಗಳಲ್ಲಿ 'ಅಭಿಮಾನ್' ಎಂಬ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಯಿತು. ಆದರೆ ಅದನ್ನು ಕಟ್ಟಿದವನ ಕನಸೇನಿತ್ತೆಂದು ಕೇಳಿದವರು ವಿರಳ.

ಜಮೀನಿಗೆ ಅಳತೆಯುಂಟು, ಬೆಲೆಯುಂಟು, ಆದುದರಿಂದ ವ್ಯಾಜ್ಯವೂ ಉಂಟು. ಕಲೆಗೆ ಆ ಬಾಧೆಯಿಲ್ಲ. ಬಾಲಕೃಷ್ಣ ಅವರ ಹಳೆಯ ಚಿತ್ರಗಳು ಇಂದಿಗೂ ಮನೆಮನೆಯ ದೂರದರ್ಶನದ ಪರದೆಯ ಮೇಲೆ ಮೂಡುತ್ತಿರುತ್ತವೆ. ಇನ್ನೊಮ್ಮೆ ಅಂತಹ ಚಿತ್ರವೊಂದನ್ನು ನೋಡುವ ಸಂದರ್ಭ ಬಂದಾಗ ವಾಚಕರು ಒಂದು ಕೆಲಸ ಮಾಡಲಿ. ನಾಯಕನು ಮಾತನಾಡುವಾಗ ನಾಯಕನನ್ನು ನೋಡದೆ, ಪಕ್ಕದಲ್ಲಿ ಕೈಕಟ್ಟಿ ನಿಂತ ಬಾಲಣ್ಣನವರ ಕಣ್ಣುಗಳನ್ನು ನೋಡಲಿ. ಒಂದು ತುಟಿಯ ಅಲುಗಾಟವೂ ತಪ್ಪಿಹೋಗದಂತೆ ಕಾಯುತ್ತಿರುವ ಆ ಕಣ್ಣುಗಳು, ಎಂಟು ರೂಪಾಯಿಗೆ ಕೈ ಬದಲಾದ ಕೂಸೊಂದು ಲೋಕದ ಮಾತನ್ನು ಹೇಗೆ ಕಲಿತುಕೊಂಡಿತೆಂಬುದನ್ನು ಸದ್ದಿಲ್ಲದೆ ಹೇಳುತ್ತವೆ.